ಮೊಯಿದಿನಾಕನ ಲೈನು

ಮೊಯಿದಿನಬ್ಬರನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ನಮ್ಮ ಮನೆಯ ಬೇಲಿ ದಾಟುವ ತಡಮೆಯ ಬಳಿ, ಚೌತಿ ಕಳೆದ ಮೇಲಿನ ಒಂದು ಬೆಳಿಗ್ಗೆ. ನಾನಾಗ ಎರಡನೇ ತರಗತಿ. ಅಮ್ಮನಿಗೆ ಜ್ವರ, ಅಪ್ಪ ಗದ್ದೆಯಲ್ಲಿದ್ದರು. ಗೋಳಿಕಟ್ಟೆಯ ತಿರುವಿನಲ್ಲಿ ರಬ್ಬರ್ ಹಾರ್ನಿನ ಶಬ್ದ ಕೇಳಿದ್ದೇ ಅಮ್ಮ ಚಾಪೆಯಿಂದಲೇ, "ವಿಸ್ಮಿತಾ, ಪಾತ್ರೆ ಹಿಡ್ಕೊಂಡು ಓಡು, ಇಲ್ಲದಿದ್ದರೆ ಮೀನಿನ ಬ್ಯಾರಿ ಹೋಗಿಬಿಡ್ತಾರೆ" ಎಂದರು. ಯಾವ ಪಾತ್ರೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಣ್ಣಿಗೆ ಬಿದ್ದವುಗಳಲ್ಲಿ ಹೆಚ್ಚು ಹೊಳೆಯುತ್ತಿದ್ದದ್ದನ್ನು ಎತ್ತಿಕೊಂಡು ಓಡಿದೆ.

ತಡಮೆಯ ಆಚೆ ಒಂದು ಮೊಪೆಡ್ ನಿಂತಿತ್ತು. ಹಿಂದೆ ಹಗ್ಗದಿಂದ ಬಿಗಿದ ನೀಲಿ ಪೆಟ್ಟಿಗೆ, ಅದರ ಮೇಲೆ ಉಪ್ಪಳಿಗೆ ಎಲೆಗಳ ಕಟ್ಟು, ಕೆಳಗೆ ನಮ್ಮದೂ ಪಕ್ಕದ ಮನೆಯದ್ದೂ ಬೆಕ್ಕುಗಳು. ಚೌಕುಳಿ ಲುಂಗಿ ಉಟ್ಟ, ಬಿಳಿ ಟೊಪ್ಪಿ ಇಟ್ಟ ತೆಳ್ಳಗಿನ ಮನುಷ್ಯ. ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ಪಾತ್ರೆ ಚಾಚಿದೆ. ಅವರು ಬೂತಾಯಿ ಮೀನು ತುಂಬಿದ್ದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಪಾತ್ರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಮಗಾ, ಇದು ತುಳಸಿಗೆ ನೀರು ಹಾಕುವ ಚೊಂಬಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಇದಕ್ಕೆ ಮೀನು ಹಾಕಿದರೆ ನಿನ್ನ ಅಮ್ಮ ನಾಳೆಯಿಂದ ನನ್ನನ್ನು ಈ ಲೈನಿಗೇ ಬಿಡ್ಲಿಕ್ಕಿಲ್ಲ" ಎಂದು ನಕ್ಕು, ಮೂರ್ನಾಲ್ಕು ಉಪ್ಪಳಿಗೆ ಎಲೆಗಳನ್ನು ಒಂದರ ಮೇಲೊಂದು ಹರಡಿ, ಮೀನು ಇಟ್ಟು ಮಡಚಿ, ಬಾಳೆನಾರಿನಿಂದ ಕಟ್ಟಿದರು. ಕಟ್ಟನ್ನು ನನ್ನ ಎಡಗೈಗೆ ಕೊಟ್ಟರು. "ಚೊಂಬು ಆ ಕೈಯಲ್ಲಿ, ಮೀನು ಈ ಕೈಯಲ್ಲಿ. ಎರಡೂ ತಾಗದ ಹಾಗೆ ಹೋಗ್ಬೇಕು ಆಯ್ತಾ?"

ನಾನು ಎರಡೂ ಕೈಗಳನ್ನು ರೆಕ್ಕೆಯಂತೆ ಚಾಚಿಕೊಂಡು ಅಂಗಳ ದಾಟಿದೆ. ಅಮ್ಮ ಜ್ವರದಲ್ಲೂ ನಕ್ಕರು. ಲೈನ್ ಎಂಬ ಮಾತನ್ನು ನಾನು ಕೇಳಿದ್ದು ಅಂದೇ.

ಶಿರ್ತಾಡಿಯಿಂದ ಒಳಗೆ ಹೋಗುವ ನಮ್ಮ ದಾರಿ ಮಸೀದಿಯ ಬಳಿ ಶುರುವಾಗಿ, ಗೋಳಿಕಟ್ಟೆಯಲ್ಲಿ ತಿರುಗಿ, ನಮ್ಮ ಮನೆ ದಾಟಿ, ಗುಡ್ಡದ ಬದಿಯ ಬಾಕಿಮಾರಿನಲ್ಲಿ ಮುಗಿಯುತ್ತದೆ. ಆ ದಾರಿಯ ಎಲ್ಲ ಮನೆಗಳಿಗೂ ಮೀನು ತರುತ್ತಿದ್ದವರು ಮೊಯಿದಿನಬ್ಬ ಒಬ್ಬರೇ. ದೊಡ್ಡವರು ಅವರನ್ನು ಬ್ಯಾರಿಗಳೇ ಎನ್ನುತ್ತಿದ್ದರು. ನಾವು ಮಕ್ಕಳು ಮೊಯಿದಿನಾಕ ಎನ್ನುತ್ತಿದ್ದೆವು. ಮೂಡುಬಿದಿರೆಯ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಏಲಂ ಹಿಡಿಯುವ ಮೀನಿನವರು ತುಂಬ ಜನ. ಆದರೆ ಒಬ್ಬೊಬ್ಬರಿಗೂ ಒಂದೊಂದು ದಾರಿ. ಅದೇ ಲೈನು. ಒಬ್ಬರ ಲೈನಿಗೆ ಇನ್ನೊಬ್ಬರು ಹಾರ್ನ್ ಹಾಕುವಂತಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಮೀರಿದವನ ಜೊತೆ ಮರುದಿನ ಮಾರುಕಟ್ಟೆಯಲ್ಲಿ ಯಾರೂ ಮಾತಾಡುವುದಿಲ್ಲ, ಅಷ್ಟೇ.

ಈ ಲೈನು ಅವರಿಗೆ ಬಂದದ್ದು ಮುತ್ತಕ್ಕನಿಂದ. ಮುತ್ತಕ್ಕ ಮೊಗವೀರರ ಹೆಂಗಸು, ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಇದೇ ದಾರಿಯಲ್ಲಿ ನಡೆದು ಮೀನು ಮಾರುತ್ತಿದ್ದವರು. ಮೊಯಿದಿನಬ್ಬ ಆಗ ಮಾರುಕಟ್ಟೆಯಲ್ಲಿ ಲಾರಿಯಿಂದ ಮೀನಿನ ಪೆಟ್ಟಿಗೆ ಇಳಿಸುತ್ತಿದ್ದ ಯುವಕ. ಕಾಲುಗಳು ಸೋತಾಗ ಮುತ್ತಕ್ಕ ಅವರ ತಲೆಗೆ ಬುಟ್ಟಿ ಹೊರಿಸಿ, ತಾನು ಕೋಲೂರಿಕೊಂಡು ಮುಂದೆ ಮುಂದೆ ನಡೆದು, ಪ್ರತಿ ಮನೆಯ ತಡಮೆಯಲ್ಲಿ ನಿಂತು, "ಇನ್ನು ಇವನೇ. ಮೋಸ ಮಾಡಿದರೆ ನನಗೆ ಹೇಳಿ, ಬಂದು ಕಿವಿ ಹಿಂಡ್ತೇನೆ" ಎಂದರಂತೆ. ಲೈನು ಕೈದಾಟುವುದು ಹಾಗೆ. ಬಿಡುವವರು ಹೊಸಬರನ್ನು ಕರೆದುಕೊಂಡು ಹೋಗಿ ತೋರಿಸಬೇಕು.

ಪಿಯುಸಿಯಲ್ಲಿ ಅರ್ಥಶಾಸ್ತ್ರ ತೆಗೆದುಕೊಂಡ ಮೇಲೆ ಏಕಸ್ವಾಮ್ಯ ಎಂಬ ಪಾಠ ಬಂತು. ಮಾರುವವನು ಒಬ್ಬನೇ, ಕೊಳ್ಳುವವರು ಅನೇಕರು, ಆ ವಸ್ತುವಿಗೆ ಹತ್ತಿರದ ಬದಲಿ ಇಲ್ಲ, ಹೊಸಬರಿಗೆ ಒಳಗೆ ಬರಲು ಅಡೆತಡೆ ಉಂಟು, ಬೆಲೆ ಅವನು ಹೇಳಿದ್ದೇ. ಪುಸ್ತಕದಲ್ಲಿ ರೈಲ್ವೆಯ ಉದಾಹರಣೆ ಇತ್ತು. ಆಗ ನಾನು ರೈಲು ಹತ್ತಿದವಳಲ್ಲ. ನನ್ನ ಕಣ್ಣೆದುರು ಬಂದದ್ದು ನೀಲಿ ಪೆಟ್ಟಿಗೆಯ ಮೊಪೆಡ್. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ಪಾಠದಲ್ಲಿ ಇದ್ದದ್ದು ನಮ್ಮ ತಡಮೆಯಲ್ಲಿಯೂ ಉಂಟು ಎಂದು ತಿಳಿದ ಆ ದಿನ ತುಂಬ ಖುಷಿಯಾಗಿತ್ತು.

ಒಬ್ಬರೇ ಮಾರುವುದರ ತೊಂದರೆ ನಮಗೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರು ಬಂಗುಡೆ ತಂದರೆ ಇಡೀ ದಾರಿಯಲ್ಲಿ ಬಂಗುಡೆಯದ್ದೇ ಪರಿಮಳ. ಅವರು ಬಾರದ ದಿನ ಮೀನಿಲ್ಲ. ಅಮ್ಮ ಒಮ್ಮೆ ಮೂಡುಬಿದಿರೆಗೆ ಹೋಗಿದ್ದಾಗ ಮಾರುಕಟ್ಟೆಗೆ ಇಣುಕಿ ಬಂದು, ಮರುದಿನ ತಡಮೆಯಲ್ಲೇ ಜಗಳಕ್ಕೆ ನಿಂತರು.

"ಬ್ಯಾರಿಗಳೇ, ಅಲ್ಲಿ ಬಂಗುಡೆಗೆ ಎಷ್ಟು ಕಮ್ಮಿ ಉಂಟು ಗೊತ್ತುಂಟಾ? ನಮ್ಮನ್ನು ಎಂತ ಕುರಿ ಅಂತ ತಿಳ್ಕೊಂಡಿದ್ದೀರಾ?"

"ಕಮ್ಮಿ ಉಂಟು ಸೇಸಮ್ಮ, ಹೌದು. ನಾಳೆಯಿಂದ ಬಸ್ಸಲ್ಲಿ ಹೋಗಿ ತನ್ನಿ. ಬರುವಾಗ ನನಗೂ ತನ್ನಿ, ನಾನು ಮನೆಯಲ್ಲಿ ಮಲಗ್ತೇನೆ."

"ಬಾಯಿಗೇನೂ ಕಮ್ಮಿ ಇಲ್ಲ ನಿಮಗೆ."

"ಬಾಯಿಗೆ ಬೆಲೆ ಹಾಕುವುದಿಲ್ಲ. ಅದು ಮೀನಿನ ಜೊತೆ ಸುಮ್ಮನೆ ಕೊಡುವುದು."

ಬೆಕ್ಕಿಗೆ ಎರಡು ಸಣ್ಣ ಮೀನು ಎಸೆದು ಹಾರ್ನ್ ಒತ್ತಿಕೊಂಡು ಹೊರಟರು. ಅಮ್ಮ ಗೊಣಗಿದರು, ಮರುದಿನ ಅವರಿಂದಲೇ ತೆಗೆದುಕೊಂಡರು.

ಶುಕ್ರವಾರ ಮಾತ್ರ ಲೈನಿನ ದಿಕ್ಕು ಬದಲಾಗುತ್ತಿತ್ತು. ಉಳಿದ ದಿನ ಅವರು ಮೊದಲು ಬಾಕಿಮಾರಿಗೆ ಹೋಗಿ ಕೆಳಗೆ ಇಳಿಯುತ್ತಾ ಬಂದು ಮಸೀದಿಯ ಬಳಿ ಮುಗಿಸುವರು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಮಸೀದಿಯಿಂದಲೇ ಹೊರಡುವರು. ಹೀಗಾಗಿ ಉಳಿದ ದಿನ ಪೆಟ್ಟಿಗೆಯ ತಳದ ಮೀನು ಸಿಗುತ್ತಿದ್ದ ಕೆಳಗಿನ ಮನೆಗಳಿಗೆ ಶುಕ್ರವಾರ ಮೊದಲ ಆಯ್ಕೆ. ಹಾಗೆ ಮಾಡಬೇಕೆಂದು ಮಾಡಿದ್ದಲ್ಲ, ಆಗಿಬಂದದ್ದು. ಸಾವಾದ ಮನೆಯ ಮುಂದೆ ಸೂತಕ ಕಳೆಯುವವರೆಗೆ ಹಾರ್ನ್ ಒತ್ತದೆ ಮೊಪೆಡನ್ನು ತಳ್ಳಿಕೊಂಡು ಹೋಗುತ್ತಿದ್ದದ್ದು ಮಾತ್ರ ಅವರೇ ಯೋಚಿಸಿ ಮಾಡಿದ್ದು.

ನಾನು ಡಿಗ್ರಿಯಲ್ಲಿದ್ದಾಗ ಒಂದು ಪ್ರಸಂಗ ನಡೆಯಿತು. ಮೊಯಿದಿನಬ್ಬ ಮಗಳು ಜಸ್ನಾಳ ಮದುವೆಗೆಂದು ಮಾಣಿ ಎಂಬ ಊರಿಗೆ ಹೋಗಿದ್ದರು. ಹುಡುಗನ ಮನೆ ಅಲ್ಲಿ. ಆ ಹೊತ್ತಿಗೆ ಗುರುತಿಲ್ಲದ ಒಬ್ಬ ಬೈಕಿನಲ್ಲಿ ಬಂದು, "ಮೊಯಿದಿನಬ್ಬ ಕಳಿಸಿದ್ದು, ಅವರು ಬರುವವರೆಗೆ ನಾನು" ಎಂದು ಮನೆಮನೆಗೂ ಮೀನು ಮಾರಿದ. ಎಲ್ಲರೂ ನಂಬಿದರು. ಹಳೆಯ ಮೀನು, ಮಂಜುಗಡ್ಡೆ ತಿಕ್ಕಿ ಹೊಳಪು ಬರಿಸಿದ್ದು. ಅರ್ಧ ಲೈನಿಗೆ ಹೊಟ್ಟೆ ಕೆಟ್ಟಿತು. ವಾಪಸ್ಸು ಬಂದ ಮೊಯಿದಿನಬ್ಬ ಅಂದು ಮೀನು ತರದೆ ಬರಿಗೈಯಲ್ಲಿ ಎಲ್ಲ ಮನೆಗಳಿಗೂ ಹೋದರು. ನಮ್ಮ ತಡಮೆಯಲ್ಲಿ ನಿಂತು ಅಪ್ಪನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಹುಕ್ರಣ್ಣ, ಇನ್ನು ಯಾರು ಬಂದು ನನ್ನ ಹೆಸರು ಹೇಳಿದರೂ ನಂಬಬೇಡಿ. ನನ್ನ ಅಣ್ಣ ಅಂತ ಹೇಳ್ಲಿ, ತಮ್ಮ ಅಂತ ಹೇಳ್ಲಿ. ಯಾರನ್ನಾದರೂ ಕಳಿಸುವುದಾದರೆ ನಾನೇ ಜೊತೆಗೆ ಬರ್ತೇನೆ. ನಾನು ಜೊತೆಗಿಲ್ಲದಿದ್ದರೆ ಅವ ಕಳ್ಳ ಅಂತಲೇ ತಿಳ್ಕೊಳ್ಳಿ."

ಅಪ್ಪ, "ಆಯ್ತು ಬ್ಯಾರಿಗಳೇ, ಮಾತು ಮಾತೇ" ಎಂದರು.

ಅದಾಗಿ ವರ್ಷಗಳು ಕಳೆದವು. ನಾನು ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಉಪನ್ಯಾಸಕಿಯಾದೆ. ಲಾಯಿಲದಲ್ಲಿ ಬಾಡಿಗೆ ಕೋಣೆ, ಶನಿವಾರ ಬಸ್ಸು ಹಿಡಿದು ಊರಿಗೆ. ಏಕಸ್ವಾಮ್ಯದ ಪಾಠ ಬಂದಾಗಲೆಲ್ಲ ಮಕ್ಕಳಿಗೆ ಮೊಯಿದಿನಾಕನ ಲೈನಿನ ಕಥೆಯನ್ನೇ ಹೇಳುತ್ತಿದ್ದೆ. ಅಡೆತಡೆ ಎಂದರೆ ಪರವಾನಗಿಯೋ ಬಂಡವಾಳವೋ ಆಗಬೇಕಿಲ್ಲ, ಮಾರುಕಟ್ಟೆಯಲ್ಲಿ ನಾಲ್ಕು ಜನ ಮಾತು ಬಿಡುವುದೂ ಅಡೆತಡೆಯೇ ಎನ್ನುತ್ತಿದ್ದೆ.

ಕಳೆದ ವರ್ಷ ಮೊಯಿದಿನಬ್ಬ ಮಾರುಕಟ್ಟೆಯ ಮಂಜುಗಡ್ಡೆ ನೀರಿನಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ಆಪರೇಷನ್ ಆಯಿತು. ಇನ್ನು ಮೊಪೆಡ್ ಬೇಡ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು.

ಅವರ ಅಳಿಯ ಅಝೀಮ್ ಆಗ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಮದುವೆಯಾದ ತಿಂಗಳಲ್ಲೇ ಹೋದವನು, ಆಮೇಲೆ ಹೆಂಡತಿಯ ತವರಿಗೆ ಬಂದಾಗಲೂ ನಾಲ್ಕು ದಿನ ಇದ್ದು ಹೋಗುತ್ತಿದ್ದವನು. ಹಾಗಾಗಿ ನಮ್ಮ ದಾರಿಯ ಯಾರಿಗೂ ಅವನ ಮುಖ ಗೊತ್ತಿರಲಿಲ್ಲ. ಅವನ ಮಗಳು ಹನಾಳಿಗೂ ಅವನ ಗುರುತು ಹೆಚ್ಚು ಫೋನಿನಲ್ಲೇ. ಆ ಸಲ ಬಂದಾಗ ಮಗು ಮೊದಲು ಅವನ ಹತ್ತಿರ ಹೋಗದೆ, ಆಮೇಲೆ ಅವನನ್ನು ಬಿಟ್ಟು ಮಲಗದಂತಾಯಿತು. ಜಸ್ನಾ ಅಪ್ಪನನ್ನು ಉಪ್ಪ ಎನ್ನುವವಳು. ಗಂಡನಿಗೆ ಒಂದೇ ಮಾತು ಹೇಳಿದಳು: "ಉಪ್ಪನ ಲೈನು ಉಂಟು. ಇಲ್ಲಿಯೇ ಇರಿ." ಅಝೀಮ್ ಒಪ್ಪಿದ. ಹಳೆಯ ಪಿಕಪ್ ಒಂದನ್ನು ತೆಗೆದುಕೊಂಡು, ಐಸ್ ಪೆಟ್ಟಿಗೆ ಕೂರಿಸಿ, ಮೇಲೆ ಒಂದು ಮೈಕು ಕಟ್ಟಿದ. ಲೈನು ನಡೆದರೆ ಉಳಿಯುವುದು, ನಡೆಯದಿದ್ದರೆ ರಜೆ ಮುಗಿಯುವ ಮೊದಲು ವಿಮಾನ ಹತ್ತುವುದು ಎಂದು ಮಾತಾಯಿತು.

ಇವೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನಮ್ಮವರಿಗೆ ಗೊತ್ತಿದ್ದದ್ದು ಇಷ್ಟೇ: ಮೊಯಿದಿನಬ್ಬ ಬಿದ್ದಿದ್ದಾರೆ, ಮತ್ತು ಅವರು ಹಾಸಿಗೆಯಲ್ಲಿರುವಾಗ ಯಾವನೋ ಒಬ್ಬ ಮೈಕು ಕಟ್ಟಿದ ಗಾಡಿಯಲ್ಲಿ ಅವರ ಲೈನಿಗೆ ನುಗ್ಗಿದ್ದಾನೆ.

ಒಂದು ಶನಿವಾರ ನಾನು ಮನೆಗೆ ಬಂದಾಗ ಊಟಕ್ಕೆ ಹುರುಳಿ ಸಾರು, ಒಣಮೀನಿನ ಚಟ್ನಿ. ಹಿಂದಿನ ವಾರವೂ ಅದೇ ಆಗಿತ್ತು.

"ಮೀನು ಬರುವುದಿಲ್ವಾ ಅಮ್ಮ?"

"ಬರ್ತದೆ. ನಾವು ತೆಗೆದುಕೊಳ್ಳುವುದಿಲ್ಲ. ಅಲ್ಲ ಮಾರಾಯ್ತಿ, ಎಂತ ಬೊಬ್ಬೆ ಆ ಗಾಡಿಯದ್ದು! ಮೀನು ಬಂದದ್ದಾ, ಬೆಂಕಿ ಬಿದ್ದದ್ದಾ ಗೊತ್ತಾಗುವುದಿಲ್ಲ."

ಅಪ್ಪ ಚಾವಡಿಯಿಂದಲೇ ಹೇಳಿದರು. "ನನ್ನ ಹತ್ತಿರವೇ ಬಂದು, ನಾನು ಮೊಯಿದಿನಬ್ಬರ ಮನೆಯವ ಅಂತಾನೆ. ನಾನು ಕೇಳಿದೆ, ಅವರು ಜೊತೆಗೆ ಎಲ್ಲಿ ಮಾರಾಯ? ಅವರು ಬರ್ಲಿಕ್ಕೆ ಆಗುವುದಿಲ್ಲ ಅಂತಾನೆ. ಹಿಂದಿನವನೂ ಹಾಗೆಯೇ ಹೇಳಿದ್ದಲ್ವಾ? ನಾಯಿ ಬಿಡ್ತೇನೆ ಅಂತ ಹೇಳಿದೆ. ಬಾಕಿಮಾರಿನಿಂದ ಮಸೀದಿಯವರೆಗೆ ಎಲ್ಲರೂ ಒಂದೇ ಮಾತು. ಬ್ಯಾರಿ ಎದ್ದು ಬರುವಾಗ ಅವರ ಲೈನು ಅವರಿಗೆ ಇರ್ಬೇಕು."

ಮರುದಿನ ಅಪ್ಪನೂ ನಾನೂ ಒಂದು ಗೊನೆ ಕದಳಿ ಬಾಳೆಹಣ್ಣು ತೆಗೆದುಕೊಂಡು ಮೊಯಿದಿನಬ್ಬರನ್ನು ನೋಡಲು ಹೋದೆವು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಸುದ್ದಿ ಹಿಂದಿನ ದಿನವಷ್ಟೇ ತಿಳಿದಿತ್ತು. ಅವರ ಮನೆ ಲೈನಿನ ಹೊರಗೆ, ಶಿರ್ತಾಡಿಯ ಆಚೆ ಬದಿಯಲ್ಲಿ. ಮುಂಭಾಗದಲ್ಲೇ ಮಂಚ ಹಾಕಿದ್ದರು. ಮೊದಲೇ ತೆಳ್ಳಗಿದ್ದವರು ಇನ್ನಷ್ಟು ಇಳಿದಿದ್ದರು. ಹೆಂಡತಿ ಜೈನಬಮ್ಮ ಚಾ ತಂದರು. ಒಳಬಾಗಿಲಲ್ಲಿ ಜಸ್ನಾ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಹಿಂದೆ ಅರ್ಧ ತುಂಬಿದ ಸೂಟ್‌ಕೇಸ್ ಕಾಣುತ್ತಿತ್ತು. ಯಾರದ್ದೆಂದು ನಾವು ಕೇಳಲಿಲ್ಲ.

ಅಪ್ಪನಿಗೆ ಒಳ್ಳೆಯ ಸುದ್ದಿ ಹೇಳುವ ಆತುರ. "ಬ್ಯಾರಿಗಳೇ, ನೀವು ಎಂತದಕ್ಕೂ ತಲೆಬಿಸಿ ಮಾಡ್ಬೇಡಿ. ನಿಮ್ಮ ಲೈನನ್ನು ನಾವು ನೋಡಿಕೊಂಡಿದ್ದೇವೆ. ಮೈಕಿನ ಗಾಡಿಯವ ಒಬ್ಬ ಬಂದಿದ್ದಾನೆ. ಒಂದು ಮನೆಯವರಾದರೂ ಒಂದು ಬೂತಾಯಿ ತಗೊಳ್ಬೇಕಲ್ಲ! ನನ್ನ ಹೆಂಡತಿ ಒಣಮೀನಿನಲ್ಲೇ ದಿನ ತೆಗೀತಾ ಇದ್ದಾಳೆ. ಬಾಕಿಮಾರಿನ ಬಾಣಂತಿಗೆ ಮೀನಿನ ಬದಲು ಮೊಟ್ಟೆ ಕೊಡ್ತಾರಂತೆ."

ಮೊಯಿದಿನಬ್ಬ ಚಾದ ಗ್ಲಾಸನ್ನು ಕೆಳಗಿಟ್ಟರು. ಜಸ್ನಾಳ ಕಡೆಗೆ ನೋಡಿದರು. ಅವಳು ಮುಖ ತಿರುಗಿಸಿದಳು. ಅವರು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಓಣಿಯ ಆಚೆಯಿಂದ ಮೈಕಿನ ಶಬ್ದ ಕೇಳಿತು. ತಾಜಾ ಮೀನು, ತಾಜಾ ಮೀನು.

ಅಪ್ಪ ಥಟ್ಟನೆ ಎದ್ದರು. "ನೋಡಿ ಇವನ ಧೈರ್ಯ! ನಿಮ್ಮ ಮನೆ ಬಾಗಿಲಿಗೇ ಬಂದ!" ಲುಂಗಿ ಮೇಲಕ್ಕೆ ಕಟ್ಟಿಕೊಂಡು ಅಂಗಳಕ್ಕೆ ಇಳಿದರು.

ಅವರಿಗಿಂತ ಮೊದಲೇ ಹನಾ ತಾಯಿಯ ಕಂಕುಳಿಂದ ಜಾರಿ, "ಉಪ್ಪಾ!" ಎಂದು ಕೂಗುತ್ತಾ ಓಡಿದಳು. ಗಾಡಿ ನಿಂತಿತು. ಬಾಗಿಲು ತೆರೆದು ಇಳಿದ ಅಝೀಮ್ ಮಗುವನ್ನು ಎತ್ತಿಕೊಂಡ. ಅವಳಿಗೆ ಮೈಕಿನ ಶಬ್ದ ಇಷ್ಟವೆಂದು ಮನೆ ಹತ್ತಿರ ಬಂದಾಗ ದಿನವೂ ಅದನ್ನು ಹಾಕುತ್ತಿದ್ದನಂತೆ.

ಅಪ್ಪ ಅಂಗಳದ ನಡುವೆ ನಿಂತಲ್ಲೇ ನಿಂತರು. ಲುಂಗಿಯನ್ನು ಮೆಲ್ಲಗೆ ಕೆಳಗೆ ಬಿಟ್ಟರು.

"ಇವ ನನ್ನ ಅಳಿಯ, ಹುಕ್ರಣ್ಣ" ಎಂದರು ಮೊಯಿದಿನಬ್ಬ ಮಂಚದಿಂದ.

"ಅಯ್ಯೊ ದೇವರೇ. ನೀನು ಹೇಳ್ಬಾರದಿತ್ತಾ ಮಾರಾಯ?"

"ಹೇಳಿದೆ ಅಣ್ಣ" ಎಂದ ಅಝೀಮ್. "ಹೇಳಿದ್ದಕ್ಕೇ ನೀವು ನಾಯಿ ಬಿಡ್ತೇನೆ ಅಂದದ್ದು."

ಜೈನಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. ಅಝೀಮ್ ಮನೆಯಲ್ಲಿ ನಾಯಿಯ ವಿಷಯವಾಗಲಿ, ಯಾರೂ ಕೊಳ್ಳುವುದಿಲ್ಲ ಎಂಬುದಾಗಲಿ ಹೇಳಿರಲಿಲ್ಲ. ವ್ಯಾಪಾರ ಸ್ವಲ್ಪ ಡಲ್ ಎಂದಷ್ಟೇ ಹೇಳಿ, ಉಳಿದ ಮೀನನ್ನು ದಿನವೂ ಪೇಟೆಯ ಹೋಟೆಲಿಗೆ ಸಿಕ್ಕಿದ ಬೆಲೆಗೆ ಕೊಟ್ಟು ಬರುತ್ತಿದ್ದ. ಆ ದಿನ ಗಾಡಿ ಮಾರಲು ಒಬ್ಬರನ್ನು ಕಂಡು ಬಂದಿದ್ದ. ಸೂಟ್‌ಕೇಸ್ ಅವನದ್ದು.

"ಅವರದ್ದು ತಪ್ಪಲ್ಲ ಅಝೀಮೇ" ಎಂದರು ಮೊಯಿದಿನಬ್ಬ. "ನಂಬಬೇಡಿ ಅಂತ ಮನೆಮನೆಗೆ ಹೋಗಿ ಹೇಳಿದ್ದು ನಾನೇ. ಮನೆಯವನೇ ಹೋಗುವುದಲ್ವಾ, ನಾನು ಯಾಕೆ ಬೇಕು ಅಂತ ಮಲಗಿದೆ. ಅವರು ನನ್ನ ಮಾತನ್ನು ಉಳಿಸಿದ್ದಾರೆ."

ಅಪ್ಪ ಮೆಟ್ಟಿಲ ಮೇಲೆ ಕುಳಿತರು. "ನಾಳೆ ನಾನೇ ಗಾಡಿಯಲ್ಲಿ ಕೂತ್ಕೊಳ್ತೇನೆ. ಎಲ್ಲರಿಗೂ ಹೇಳ್ತೇನೆ."

"ನೀವು ಹೇಳಿದರೆ ನಿಮ್ಮ ತಿರುವಿನವರು ಕೇಳಿಯಾರು. ಬಾಕಿಮಾರಿನವರು ಕೇಳ್ಲಿಕ್ಕಿಲ್ಲ. ನಾನೇ ಬರ್ತೇನೆ ಅಂತ ಹೇಳಿದವ ನಾನು. ಶುಕ್ರವಾರ ಹೋಗುವ."

"ಈ ಕಾಲಲ್ಲಾ?" ಎಂದು ಜೈನಬಮ್ಮ ಸಿಡುಕಿದರು. "ಎದ್ದು ನಿಲ್ಲಲಿಕ್ಕೆ ಇಬ್ಬರು ಬೇಕು. ದೊಡ್ಡ ಲೈನು ಇವರದ್ದು!"

"ಕಾಲು ಗಾಡಿಯಲ್ಲಿ ಕೂತುಕೊಳ್ತದೆ. ಮಾತಾಡುವುದು ಬಾಯಲ್ವಾ?"

ಜೈನಬಮ್ಮ ಡಾಕ್ಟರನ್ನು ಕೇಳದೆ ಬಿಡಲಿಲ್ಲ. ಸೀಟಿನಲ್ಲಿ ಕಾಲು ಚಾಚಿ ಕೂರಬಹುದು, ಇಳಿಯಬಾರದು ಎಂದು ಅವರು ಒಪ್ಪಿದರು. ಆ ಶುಕ್ರವಾರ ನಮ್ಮ ಕಾಲೇಜಿಗೆ ರಜೆ ಇತ್ತು, ನಾನು ಮನೆಯಲ್ಲಿದ್ದೆ. ಮಧ್ಯಾಹ್ನದ ನಮಾಜಿನ ನಂತರ ಗೋಳಿಕಟ್ಟೆಯ ತಿರುವಿನಲ್ಲಿ ಹಳೆಯ ರಬ್ಬರ್ ಹಾರ್ನ್ ಕೇಳಿಸಿತು. ಮೈಕು ಸುಮ್ಮನಿತ್ತು. ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಮೀನಿನ ಪಾತ್ರೆ ಹಿಡಿದು ಓಡಿದರು. ನಾನೂ ಹಿಂದೆಯೇ ಹೋದೆ.

ಮುಂದಿನ ಸೀಟಿನಲ್ಲಿ ಮೊಯಿದಿನಬ್ಬ, ಕಾಲಿನ ಕೆಳಗೆ ಎರಡು ದಿಂಬು, ಕಿಟಕಿಯ ಹೊರಗೆ ಚಾಚಿದ ಕೈಯಲ್ಲಿ ಮೊಪೆಡಿನಿಂದ ಬಿಚ್ಚಿ ತಂದ ಹಾರ್ನ್.

"ಸೇಸಮ್ಮ, ಇವತ್ತು ಸರಿಯಾದ ಪಾತ್ರೆಯೇ ಅಲ್ವಾ? ತುಳಸಿ ಚೊಂಬಲ್ಲ ತಾನೆ?" ಎಂದು ನನ್ನ ಕಡೆ ಕಣ್ಣು ಹೊಡೆದರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಇವ ಅಝೀಮ್. ಜಸ್ನಾಳ ಗಂಡ. ಇನ್ನು ಇವನೇ. ಮೋಸ ಮಾಡಿದರೆ ನನಗೆ ಹೇಳಿ."

"ಬಂದು ಕಿವಿ ಹಿಂಡ್ತೀರಾ?" ಎಂದರು ಅಮ್ಮ. ಅವರ ಕಣ್ಣು ಒದ್ದೆಯಾಗಿತ್ತು.

"ಹಿಂಡ್ತೇನೆ. ಇನ್ನೊಂದು ಮಾತು ಉಂಟು. ಹಿಂದೆ ನಾನು ಹೇಳಿದ್ದನ್ನು ಇವತ್ತು ವಾಪಸ್ಸು ತಗೊಳ್ತೇನೆ. ಬೇರೆ ಯಾರಾದರೂ ಮೀನು ತಂದರೆ ಬಿಡಿಸಿ ನೋಡಿ, ಕಿವಿರು ಕೆಂಪಿದ್ದರೆ ತಗೊಳ್ಳಿ. ನಾನು ಮಲಗಿದ್ದಕ್ಕೆ ನೀವು ಮೀನಿಲ್ಲದೆ ಉಣ್ಣುವುದು ಬೇಡ. ಆ ಬಾಣಂತಿಯ ಸುದ್ದಿ ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ."

ಅಝೀಮ್ ತಿರುಗಿ ಮಾವನನ್ನು ನೋಡಿದ. "ಮಾಮ, ಹಾಗೆ ಹೇಳಿದರೆ ಲೈನು ನಮಗೆ ಉಳೀತದಾ?"

"ಮೀನು ಒಳ್ಳೆದು ತಂದರೆ ಉಳೀತದೆ. ಮೀನು ಹಾಕು, ಅವರ ಕೈ ನೋಯ್ತದೆ."

ಅಂದು ಅವರು ಬಾಕಿಮಾರಿನ ತುದಿಯವರೆಗೂ ಹೋದರು. ಪ್ರತಿ ತಡಮೆಯಲ್ಲೂ ಅದೇ ಎರಡು ಮಾತು ಹೇಳಿದರಂತೆ. ಬಾಣಂತಿಯ ಮನೆಯಲ್ಲಿ, ಬಾಣಂತಿಗೆ ಒಳ್ಳೆಯದೆಂದು ಆರಿಸಿಟ್ಟಿದ್ದ ಮೀನನ್ನು ಉಪ್ಪಳಿಗೆ ಎಲೆಯಲ್ಲಿ ತಾವೇ ಕಟ್ಟಿಕೊಟ್ಟರಂತೆ. ಸಂಜೆ ವಾಪಸ್ಸು ಹೋಗುವಾಗ ಐಸ್ ಪೆಟ್ಟಿಗೆ ಖಾಲಿಯಾಗಿತ್ತು. ಸೂಟ್‌ಕೇಸನ್ನು ಜಸ್ನಾ ಅಂದೇ ಅಟ್ಟಕ್ಕೆ ಹಾಕಿದಳು.

ಒಬ್ಬರ ಲೈನಿಗೆ ಇನ್ನೊಬ್ಬರು ಹೋಗಬಾರದೆಂಬ ಮಾರುಕಟ್ಟೆಯವರ ಕಟ್ಟಳೆ ಇಂದಿಗೂ ಹಾಗೆಯೇ ಉಂಟು. ಆದರೆ ಆಮೇಲೆ ಒಂದೆರಡು ಬೇರೆ ಗಾಡಿಗಳೂ, ದೂರದ ಊರಿನವು, ಯಾವಾಗಲೋ ಒಮ್ಮೆ ನಮ್ಮ ದಾರಿಗೆ ಬರುತ್ತವೆ. ಅಮ್ಮ ಒಂದು ಸಲ ಅವರಿಂದ ಕಾಣೆ ಮೀನು ತೆಗೆದುಕೊಂಡು, ಅದನ್ನು ಮರುದಿನ ಅಝೀಮನಿಗೆ ತಾವಾಗಿಯೇ ಹೇಳಿದರು. ಅವನು ಅದರ ಮರುದಿನ ಕಾಣೆ ತಂದ. ಪಾಠ ಮಾಡುವಾಗ ನಾನೀಗ ಇಷ್ಟನ್ನೂ ಸೇರಿಸಿ ಹೇಳುತ್ತೇನೆ. ಏಕಸ್ವಾಮ್ಯಕ್ಕೆ ಬೇಲಿ ಕಟ್ಟುವವನು ಯಾವಾಗಲೂ ಮಾರುವವನೇ ಆಗಬೇಕಿಲ್ಲ, ಕೊಳ್ಳುವವರೂ ಪ್ರೀತಿಯಿಂದ ಕಟ್ಟುತ್ತಾರೆ, ಆ ಬೇಲಿಯೊಳಗೆ ಅವರೂ ಸಿಕ್ಕಿಕೊಳ್ಳುತ್ತಾರೆ ಎನ್ನುತ್ತೇನೆ. ಪರೀಕ್ಷೆಯಲ್ಲಿ ಇದನ್ನು ಬರೆಯಬಹುದೇ ಎಂದು ಮಕ್ಕಳು ಕೇಳುತ್ತಾರೆ. ಉದಾಹರಣೆಯಾಗಿ ಬರೆಯಿರಿ ಎನ್ನುತ್ತೇನೆ.

ಮೊಯಿದಿನಬ್ಬ ಈಗ ಕೋಲೂರಿಕೊಂಡು ನಡೆಯುತ್ತಾರೆ. ಬೆಳಿಗ್ಗೆ ಅಳಿಯನ ಜೊತೆ ಮೂಡುಬಿದಿರೆಯ ಮಾರುಕಟ್ಟೆಗೆ ಹೋಗಿ ಮೀನು ಆರಿಸುತ್ತಾರೆ. ಆಮೇಲೆ ಹನಾಳನ್ನು ಅಂಗನವಾಡಿಗೆ ಬಿಟ್ಟು, ಮನೆಯ ಹಿಂದಿನ ಗಿಡಗಳಿಂದ ಉಪ್ಪಳಿಗೆ ಎಲೆ ಕೊಯ್ದು ಕಟ್ಟು ಮಾಡಿಡುತ್ತಾರೆ. ಶುಕ್ರವಾರ ನಮಾಜು ಮುಗಿದ ಮೇಲೆ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಹಾರ್ನ್ ಒತ್ತುತ್ತಾರೆ.